ಜೀವಂತ ಏಕಕೋಶ ಜೀವಿಗಳನ್ನು ಚಿಪ್‌ನೊಳಗೆ ಕೂರಿಸಿ ಚಿತ್ರ ತೆಗೆಯುವುದು ಹೇಗೆ

ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಯೀಸ್ಟನ್ನೋ ಬ್ಯಾಕ್ಟೀರಿಯಾವನ್ನೋ ಇಡೀ ದಿನ ಮೈಕ್ರೋಸ್ಕೋಪ್ ಕೆಳಗೆ ನೋಡಬೇಕು, ಮೈಕ್ರೋಫ್ಲೂಯಿಡಿಕ್ ಚಿಪ್ ಮಾಡೋದು ಹೇಗೆ?" ಕೇಳುವವರಲ್ಲಿ ಹೆಚ್ಚಿನವರು ಆಗಲೇ ಯಾವುದೋ ಸಂಶೋಧನಾ ಲೇಖನದ ಚಿತ್ರ ನೋಡಿ, ಅದರ ಅಳತೆಗಳನ್ನೇ ಬರೆದುಕೊಂಡು ಕೂತಿರುತ್ತಾರೆ. ಇದು ತಲೆಕೆಳಗು. ಮೊದಲು ನಿಮ್ಮ ಜೀವಿಯನ್ನು ಅಳೆಯಿರಿ, ಚಿಪ್ ಆಮೇಲೆ.

ಮೈಕ್ರೋಫ್ಲೂಯಿಡಿಕ್ ಚಿಪ್ ಅಂದರೆ ಪಾರದರ್ಶಕ ರಬ್ಬರಿನ ಒಂದು ತುಂಡು. ಅದರ ತಳದಲ್ಲಿ ಕೂದಲಿಗಿಂತ ತೆಳ್ಳಗಿನ ಕಾಲುವೆಗಳಿರುತ್ತವೆ, ತಳಕ್ಕೆ ತೆಳು ಗಾಜು ಅಂಟಿರುತ್ತದೆ. ಒಂದು ತೂತಿನಿಂದ ಪೋಷಕ ದ್ರವ ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ನಡುವೆ ಜೀವಿಗಳು ಸಿಕ್ಕಿಕೊಂಡು ಕೂತಿರುತ್ತವೆ. ನೀವು ಕೆಳಗಿನಿಂದ, ಗಾಜಿನ ಮೂಲಕ ನೋಡುತ್ತೀರಿ.

ಶುರು ಮಾಡುವ ಮೊದಲು ಇನ್ನೊಂದು ಮಾತು. ನಿಮಗೆ ನಿಜವಾಗಿ ಚಿಪ್ ಬೇಕಾ? ಎರಡು ಮೂರು ಗಂಟೆ ನೋಡಿದರೆ ಸಾಕು ಅನ್ನುವ ಕೆಲಸಕ್ಕೆ 1.5% ಅಗರೋಸ್ ಎಂಬ ಜೆಲ್‌ನ ತೆಳು ಹಾಸಿನ ಮೇಲೆ ಜೀವಿಗಳನ್ನಿಟ್ಟು ಕವರ್‌ಸ್ಲಿಪ್ ಎಂಬ ತೆಳು ಗಾಜು ಮುಚ್ಚಿದರೆ ಆಯಿತು. ಚಿಪ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಅದೇ ಕೋಶವನ್ನು ಹತ್ತಾರು ತಲೆಮಾರು ಹಿಂಬಾಲಿಸಬೇಕು, ನಡುವೆ ದ್ರವ ಬದಲಿಸಬೇಕು, ಇಲ್ಲವೇ ಈಜುವ ಜೀವಿಯನ್ನು ನೋಟದ ಚೌಕಟ್ಟಿನೊಳಗೆ ಉಳಿಸಿಕೊಳ್ಳಬೇಕು. ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಸಮಯ ಹಾಳು ಮಾಡಬೇಡಿ.

1. ಜೀವಿಯನ್ನು ಅಳೆಯಿರಿ

ಪುಸ್ತಕದ ಅಳತೆ ನಂಬಬೇಡಿ. ನಿಮ್ಮ ತಳಿ, ನಿಮ್ಮ ಮೀಡಿಯಂ (ಅಂದರೆ ಪೋಷಕ ದ್ರವ), ನಿಮ್ಮ ತಾಪಮಾನದಲ್ಲಿ ಬೆಳೆದ ಜೀವಿಗಳ ಚಿತ್ರ ತೆಗೆದು ಅಗಲ, ಉದ್ದ ಎರಡನ್ನೂ ಅಳೆಯಿರಿ. ಲೆಕ್ಕ ಮೈಕ್ರಾನ್‌ನಲ್ಲಿ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್ ಅಗಲ ಅಂತ ಎಲ್ಲ ಕಡೆ ಬರೆದಿರುತ್ತದೆ, ಆದರೆ ಬಡ ಮೀಡಿಯಂನಲ್ಲಿ ನಿಧಾನ ಬೆಳೆಯುವಾಗ ಅದು ಇನ್ನೂ ಸಣಕಲಾಗಿರುತ್ತದೆ. ಪುಷ್ಟಿಯಾದ ಮೀಡಿಯಂಗೆ ಹೊಂದುವ ಕಾಲುವೆ ಮಾಡಿಟ್ಟುಕೊಂಡು ಬಡ ಮೀಡಿಯಂ ಹರಿಸಿದರೆ ಎರಡು ಕೋಶ ಅಕ್ಕಪಕ್ಕ ನುಸುಳುತ್ತವೆ, ಲೆಕ್ಕವೆಲ್ಲ ಕಲಸುಮೇಲೋಗರ.

ಬ್ರೆಡ್ ಯೀಸ್ಟ್ ಸುಮಾರು 5 ಮೈಕ್ರಾನ್. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿ ಸುಮಾರು 10 ಮೈಕ್ರಾನ್, ಸೆಕೆಂಡಿಗೆ 100 ಮೈಕ್ರಾನ್‌ನಷ್ಟು ಈಜುತ್ತದೆ. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ 100ರಿಂದ 300 ಮೈಕ್ರಾನ್, ಅದರ ಓಟವನ್ನು ಮಿಲಿಮೀಟರಿನಲ್ಲೇ ಹೇಳಬೇಕು. ಈ ನಾಲ್ಕಕ್ಕೂ ಒಂದೇ ಚಿಪ್ ಆಗುವುದಿಲ್ಲ ಅನ್ನೋದು ಇಲ್ಲೇ ಗೊತ್ತಾಯಿತು, ಅಲ್ವಾ?

ಇದರ ಜೊತೆಗೆ ಫ್ಲಾಸ್ಕಿನಲ್ಲಿ ಅವು ಎಷ್ಟು ಹೊತ್ತಿಗೆ ಇಮ್ಮಡಿಯಾಗುತ್ತವೆ ಅನ್ನುವುದನ್ನೂ ಬರೆದಿಡಿ. 10ನೇ ಹಂತದಲ್ಲಿ ಬೇಕಾಗುತ್ತದೆ.

2. ಹಿಡಿದಿಡುವ ಬಗೆ ಆರಿಸಿ

ಉದ್ದುದ್ದ ಬ್ಯಾಕ್ಟೀರಿಯಾಗಳಿಗೆ ಎಲ್ಲರೂ ಬಳಸುವುದು ಮದರ್ ಮಷೀನ್. 2010ರಲ್ಲಿ ಪ್ರಕಟವಾದ ವಿನ್ಯಾಸ. ಒಂದು ದೊಡ್ಡ ಕಾಲುವೆ, ಅದರ ಬದಿಗೆ ಸಾಲಾಗಿ ಒಂದು ಕಡೆ ಮುಚ್ಚಿದ ಕಿರುಗಲ್ಲಿಗಳು, ಪ್ರತಿ ಗಲ್ಲಿ ಸುಮಾರು 1 ಮೈಕ್ರಾನ್ ಅಗಲ, 25 ಮೈಕ್ರಾನ್ ಉದ್ದ. ಮುಚ್ಚಿದ ತುದಿಯಲ್ಲಿರುವ ತಾಯಿ ಕೋಶ ಅಲ್ಲೇ ಇರುತ್ತದೆ, ಮರಿಗಳು ಬಾಯಿಯ ಕಡೆಗೆ ತಳ್ಳಿಸಿಕೊಂಡು ಹೋಗಿ ದೊಡ್ಡ ಕಾಲುವೆಯ ಹರಿವಿನಲ್ಲಿ ಕೊಚ್ಚಿಹೋಗುತ್ತವೆ. ಈ ಸಾಧನದಲ್ಲೇ ಇ. ಕೋಲಿಯ ತಾಯಿ ಕೋಶಗಳನ್ನು ನೂರಾರು ತಲೆಮಾರು ನೋಡಿ, ಅವುಗಳ ಬೆಳವಣಿಗೆಯ ವೇಗ ತಗ್ಗುವುದಿಲ್ಲ ಅಂತ ತೋರಿಸಿದ್ದು. ಗಲ್ಲಿಯ ತುದಿಗೆ ಹರಿವೇ ಇಲ್ಲವಲ್ಲ, ಆಹಾರ ಹೇಗೆ ತಲುಪುತ್ತದೆ ಅಂತ ಕೇಳುತ್ತೀರಿ. ತಾನಾಗಿ ಹರಡಿಕೊಂಡು ಹೋಗುತ್ತದೆ. 25 ಮೈಕ್ರಾನ್ ದೂರ ಗ್ಲೂಕೋಸ್‌ಗೆ ಅರ್ಧ ಸೆಕೆಂಡಿನ ದಾರಿ.

ಯೀಸ್ಟ್‌ಗೆ ಚಾವಣಿ ತಗ್ಗಿಸಿದ ಕೋಣೆ ಸರಳ. ಎತ್ತರ ಕೋಶಕ್ಕಿಂತ ಚೂರು ಕಮ್ಮಿ ಇಟ್ಟರೆ ಅದು ಹಗುರಾಗಿ ಒತ್ತಿಕೊಂಡು ಕೂರುತ್ತದೆ, ಬೆಳೆದು ಒಂದೇ ಪದರದಲ್ಲಿ ಹರಡುತ್ತದೆ. ಮುದಿತನದ ಅಧ್ಯಯನ ಮಾಡುವವರು ಕಂಬಗಳ ನಡುವಿನ ಬಲೆ ಬಳಸುತ್ತಾರೆ: ದೊಡ್ಡ ತಾಯಿ ಸಿಕ್ಕಿಕೊಳ್ಳುತ್ತದೆ, ಸಣ್ಣ ಮರಿ ಹರಿದು ಹೋಗುತ್ತದೆ. ತಾಯಿ ಯೀಸ್ಟ್ ಸುಮಾರು 25 ಸಲ ಮರಿ ಹಾಕಿ ಸಾಯುತ್ತದೆ, ಅಷ್ಟೂ ಹೊತ್ತು ಅದನ್ನು ಹಿಡಿದಿಡಬೇಕು.

ಈಜುವವರ ಕಥೆ ಬೇರೆ. ಕ್ಲಾಮಿಡೊಮೊನಾಸನ್ನು ಅದರ ಮೈಗಿಂತ ಚೂರು ಎತ್ತರದ ಪುಟ್ಟ ಗುಂಡು ಕೋಣೆಯಲ್ಲಿ ಬಿಟ್ಟರೆ ಸುತ್ತುತ್ತಲೇ ಇರುತ್ತದೆ, ಫೋಕಸ್ ಮಾತ್ರ ತಪ್ಪುವುದಿಲ್ಲ. ಎಣ್ಣೆಯೊಳಗಿನ ನೀರಹನಿಗಳಲ್ಲಿ ಒಂದೊಂದನ್ನೇ ಕೂಡಿಹಾಕುವ ದಾರಿಯೂ ಇದೆ. ಆಗ ಆಮ್ಲಜನಕ ಚೆನ್ನಾಗಿ ಕರಗುವ ಫ್ಲೋರಿನ್‌ಯುಕ್ತ ಎಣ್ಣೆಯೇ ಬೇಕು. ಪ್ಯಾರಮೀಸಿಯಂನಂಥ ದೊಡ್ಡವನ್ನು ಒತ್ತಿ ಹಿಡಿಯಬಹುದು, ಆದರೆ ಜಾಸ್ತಿ ಒತ್ತಿದರೆ ಅದು ಮೈಯೊಳಗಿನ ಟ್ರೈಕೋಸಿಸ್ಟ್ ಎಂಬ ಸೂಜಿಗಳನ್ನು ಉಗುಳುತ್ತದೆ. ಆಮೇಲೆ ನೀವು ನೋಡುತ್ತಿರುವುದು ಗಾಬರಿಬಿದ್ದ ಜೀವಿಯನ್ನು. ಅದರ ಸಂಕೋಚನ ರಸದಾನಿ, ಅಂದರೆ ಮೈಯೊಳಗಿನ ಹೆಚ್ಚಿನ ನೀರನ್ನು ಹೊರಹಾಕುವ ಚೀಲ, ತಾಳ ತಪ್ಪದೆ ಮಿಡಿಯುತ್ತಿದೆಯಾ ಅಂತ ನೋಡುತ್ತಿರಿ. ಅದು ನಿಧಾನವಾಯಿತೆಂದರೆ ಒತ್ತಡ ಕಮ್ಮಿ ಮಾಡಿ.

ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಸೆಲ್‌ಏಸಿಕ್‌ನಂಥ ಸಿದ್ಧ ಪ್ಲೇಟುಗಳೂ ಸಿಗುತ್ತವೆ. ಒಂದೆರಡು ಪ್ರಯೋಗ ಮಾತ್ರ ಇದ್ದರೆ ಅದನ್ನೇ ಕೊಳ್ಳಿ, ಮುಂದಿನ ಮೂರು ಹಂತ ಬಿಟ್ಟು ಆರನೆಯದಕ್ಕೆ ಹೋಗಿ.

3. ಅಚ್ಚು

ಅಚ್ಚು ಅಂದರೆ ಸಿಲಿಕಾನ್ ತಟ್ಟೆಯ ಮೇಲೆ ಎಸ್‌ಯು-8 ಎಂಬ ಬೆಳಕಿಗೆ ಗಟ್ಟಿಯಾಗುವ ರಾಳದಿಂದ ಮೂಡಿಸಿದ ಉಬ್ಬುಗಳು. ಇದನ್ನು ಕ್ಲೀನ್‌ರೂಮ್, ಅಂದರೆ ಧೂಳಿಲ್ಲದ ಪ್ರಯೋಗಾಲಯ, ಇರುವವರಿಂದ ಮಾಡಿಸಿಕೊಳ್ಳುವುದೇ ಮೇಲು. ನೀವು ಸರಿಯಾಗಿ ಹೇಳಬೇಕಾದ್ದು ಎರಡು. ಒಂದು, ಅತಿ ಸಣ್ಣ ಗೆರೆ ಎಷ್ಟು ಅಗಲ ಅನ್ನುವುದು: 10 ಮೈಕ್ರಾನ್‌ಗಿಂತ ದೊಡ್ಡದಾದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದ ಮಾಸ್ಕ್ (ಬೇಕಾದ ಕಡೆ ಮಾತ್ರ ಬೆಳಕು ಬಿಡುವ ನಕ್ಷೆ) ನಡೆಯುತ್ತದೆ, 1 ಮೈಕ್ರಾನ್‌ಗೆ ಕ್ರೋಮ್ ಮಾಸ್ಕ್ ಬೇಕೇ ಬೇಕು. ಎರಡು, ಪ್ರತಿ ಪದರದ ಎತ್ತರ. ಅಚ್ಚು ಕೈಗೆ ಬಂದ ಮೇಲೆ ಎತ್ತರ ಅಳೆದ ವರದಿ ಕೇಳಿ ಪಡೆಯಿರಿ. ಚಿಪ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಅಗಲಕ್ಕಿಂತ ಹೆಚ್ಚಾಗಿ ಎತ್ತರದ ಮೇಲೇ ನಿಂತಿರುತ್ತದೆ.

ಕಾಲುವೆಯ ಅಗಲ ಎತ್ತರದ 10 ಪಟ್ಟು ದಾಟುತ್ತಿದ್ದರೆ ನಡುವೆ ಕಂಬಗಳನ್ನಿಡಿ. ಇಲ್ಲದಿದ್ದರೆ ರಬ್ಬರಿನ ಚಾವಣಿ ಕುಸಿದು ಗಾಜಿಗೆ ಅಂಟುತ್ತದೆ. ಒಳದಾರಿಯ ಹತ್ತಿರವೂ ಒಂದು ಸಾಲು ಕಂಬಗಳಿರಲಿ, ಕಸ ಸೋಸಲು.

ಹೊಸ ಅಚ್ಚಿಗೆ ರಬ್ಬರ್ ಕಚ್ಚಿಕೊಳ್ಳದಂತೆ ಫ್ಲೋರಿನ್‌ಯುಕ್ತ ಟ್ರೈಕ್ಲೋರೋಸಿಲೇನ್ ಆವಿಯಲ್ಲಿಡಬೇಕು. ಇದು ಗಾಳಿಯ ತೇವಕ್ಕೆ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಇಲ್ಲದ ಕಡೆ ಬಾಟಲಿ ತೆರೆಯಲೇಬೇಡಿ.

4. ರಬ್ಬರ್ ಎರಕ

ರಬ್ಬರಿನ ಹೆಸರು ಪಿಡಿಎಂಎಸ್. ಸಿಲ್ಗಾರ್ಡ್ 184 ಎಂಬ ಕಿಟ್ ಎಲ್ಲ ಕಡೆ ಬಳಕೆಯಲ್ಲಿದೆ. ಮೂಲ ದ್ರವ 10 ಭಾಗ, ಗಟ್ಟಿ ಮಾಡುವ ದ್ರವ 1 ಭಾಗ, ತೂಕದ ಲೆಕ್ಕದಲ್ಲಿ. ಚೆನ್ನಾಗಿ ಕಲಸಿ, ನಿರ್ವಾತದ ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟು ಗುಳ್ಳೆ ತೆಗೆಯಿರಿ, ಅಚ್ಚಿನ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸುರಿಯಿರಿ, 65 ಡಿಗ್ರಿಯಲ್ಲಿ ರಾತ್ರಿಯಿಡೀ ಬೇಯಿಸಿ. ಎರಡು ಗಂಟೆಗೇ ಗಟ್ಟಿಯಾದಂತೆ ಕಾಣುತ್ತದೆ ನಿಜ, ಆದರೆ ಪೂರ್ತಿ ಬೇಯದ ರಬ್ಬರಿನಿಂದ ಸಣ್ಣ ಅಣುಗಳು ಒಸರಿ ಜೀವಿಗಳಿಗೆ ತೊಂದರೆ ಕೊಡುತ್ತವೆ. ರಾತ್ರಿ ಬಿಡಿ.

ಕೆಲವೊಮ್ಮೆ ಎಷ್ಟು ಬೇಯಿಸಿದರೂ ಅಂಟಂಟಾಗೇ ಉಳಿಯುತ್ತದೆ. ಒಂದೋ ಅಳತೆ ತಪ್ಪಿದೆ, ಇಲ್ಲವೇ ಲೇಟೆಕ್ಸ್ ಕೈಗವಸು ತಾಗಿದೆ. ಅದರಲ್ಲಿರುವ ಗಂಧಕ ಪಿಡಿಎಂಎಸ್‌ನ ಪ್ಲಾಟಿನಂ ವೇಗವರ್ಧಕವನ್ನು ಕೊಲ್ಲುತ್ತದೆ. ನೈಟ್ರೈಲ್ ಕೈಗವಸು ಹಾಕಿ. ತ್ರೀಡಿ ಪ್ರಿಂಟರಿನ ರಾಳದ ಅಚ್ಚಿನಲ್ಲೂ ಇದೇ ಕಾಟ.

5. ತೂತು, ಮತ್ತು ಗಾಜಿಗೆ ಅಂಟಿಸುವುದು

0.75 ಮಿಲಿಮೀಟರಿನ ಬಯಾಪ್ಸಿ ಪಂಚ್ ತೆಗೆದುಕೊಳ್ಳಿ. ಕಾಲುವೆ ಇರುವ ಮುಖ ಮೇಲಿರಲಿ, ಪಂಚ್ ನೆಟ್ಟಗೆ ಇಳಿಯಲಿ, ಒಂದೇ ಒತ್ತಿಗೆ ಆಚೆ ಬರಲಿ. ಒಳಗೆ ಸಿಕ್ಕಿಕೊಂಡ ರಬ್ಬರ್ ಕಡ್ಡಿಯನ್ನು ತಳ್ಳಿ ಹೊರಗೆ ಹಾಕಿದ ಮೇಲೇ ಪಂಚ್ ಹಿಂದಕ್ಕೆ ಎಳೆಯಿರಿ, ಇಲ್ಲದಿದ್ದರೆ ಆ ಕಡ್ಡಿ ಮತ್ತೆ ತೂತಿಗೇ ಇಳಿದು ದಾರಿ ಮುಚ್ಚುತ್ತದೆ. ಮೊಂಡಾದ ಪಂಚ್ ತೂತಿನ ಅಂಚನ್ನು ಹರಿಯುತ್ತದೆ, ಆಮೇಲೆ ಸೋರುವುದೂ ಅಲ್ಲಿಂದಲೇ. ಈ ತೂತಿಗೆ 23 ಗೇಜಿನ ಲೋಹದ ಸೂಜಿ, ಹೊರಗಿನ ಅಳತೆ 0.64 ಮಿಲಿಮೀಟರ್, ಸಡಿಲ ಅನ್ನಿಸಿದರೂ ನಡೆಯುತ್ತದೆ. ಪಂಚ್ ತೆಗೆದ ಮೇಲೆ ರಬ್ಬರ್ ಕುಗ್ಗಿ ಹಿಡಿದುಕೊಳ್ಳುತ್ತದೆ.

ಕವರ್‌ಸ್ಲಿಪ್ 1.5 ನಂಬರಿನದೇ ಇರಲಿ, ಅಂದರೆ 0.17 ಮಿಲಿಮೀಟರ್ ದಪ್ಪದ್ದು. ಹೆಚ್ಚಿನ ಮಸೂರಗಳನ್ನು ಅದಕ್ಕೇ ಹೊಂದಿಸಿರುತ್ತಾರೆ. ಸೆಲೋಟೇಪ್ ಅಂಟಿಸಿ ಕಿತ್ತು ಚಿಪ್‌ನ ಧೂಳು ತೆಗೆಯಿರಿ. ಎರಡನ್ನೂ ಆಕ್ಸಿಜನ್ ಪ್ಲಾಸ್ಮಾ ಯಂತ್ರದಲ್ಲಿ (ಮೇಲ್ಮೈಯನ್ನು ಅಂಟುವಂತೆ ಮಾಡುವ ಯಂತ್ರ) ಅರ್ಧದಿಂದ ಒಂದು ನಿಮಿಷ ಇಡಿ, ಹೊರಗೆ ಬಂದ ಕೂಡಲೇ ಮುಖಕ್ಕೆ ಮುಖ ತಾಗಿಸಿ, ಒತ್ತಬೇಡಿ, ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ 80 ಡಿಗ್ರಿಯಲ್ಲಿ ಅರ್ಧ ಗಂಟೆ. ಜಾಸ್ತಿ ಹೊತ್ತು ಪ್ಲಾಸ್ಮಾ ಕೊಟ್ಟರೆ ಗಟ್ಟಿ ಅಂಟುತ್ತದೆ ಅನ್ನೋದು ಸುಳ್ಳು, ಮಿತಿ ಮೀರಿದರೆ ಅಂಟು ಸಡಿಲವೇ ಆಗುತ್ತದೆ. ಮೂಲೆಯನ್ನು ಎತ್ತಿ ನೋಡಿ: ಸುಲಿದು ಬಂದರೆ ಸೋತಿರಿ, ರಬ್ಬರೇ ಹರಿದರೆ ಗೆದ್ದಿರಿ.

6. ಗುಳ್ಳೆ ಇಲ್ಲದೆ ತುಂಬುವುದು

ಹೆಚ್ಚಿನ ಪ್ರಯೋಗಗಳು ಸಾಯುವುದು ಇಲ್ಲಿ. ಒಂದು ಗಾಳಿಗುಳ್ಳೆ ಸಾಕು, ಹಾದುಹೋಗುವಾಗ ತನ್ನ ಅಂಚಿನಿಂದ ಎಲ್ಲ ಜೀವಿಗಳನ್ನೂ ಗುಡಿಸಿಕೊಂಡು ಹೋಗುತ್ತದೆ. ಗುಳ್ಳೆ ಬರುವ ದಾರಿಗಳು ಕೆಲವೇ. ಒಂದೊಂದಾಗಿ ಮುಚ್ಚಿ.

ಮೊದಲನೆಯದು ತಣ್ಣನೆಯ ಮೀಡಿಯಂ. ಫ್ರಿಜ್ಜಿನಿಂದ ತೆಗೆದ ದ್ರವದಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ, 37 ಡಿಗ್ರಿಯ ಚಿಪ್‌ಗೆ ಹೋದ ಮೇಲೆ ಅದೇ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಹಾಗಾಗಿ ಮೀಡಿಯಂ ಅನ್ನು ಮೊದಲೇ ಪ್ರಯೋಗದ ತಾಪಮಾನಕ್ಕೆ ತಂದು, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸ್ವಲ್ಪ ಹೊತ್ತು ನಿರ್ವಾತದಲ್ಲಿಡಿ.

ಎರಡನೆಯದು ಸೂಜಿ ಚುಚ್ಚುವ ಗಳಿಗೆ. ಒಳದಾರಿಯ ತೂತಿನ ಮೇಲೆ ಒಂದು ಹನಿ ಉಬ್ಬಿ ನಿಂತಿರಬೇಕು. ಕೊಳವೆಯ ತುದಿಯ ಸೂಜಿಯಲ್ಲೂ ಒಂದು ಹನಿ ತೂಗುತ್ತಿರಬೇಕು. ಎರಡು ಹನಿಗಳೂ ಮೊದಲು ಒಂದನ್ನೊಂದು ಮುಟ್ಟಿ ಒಂದಾಗಲಿ, ಆಮೇಲೆ ಸೂಜಿ ಇಳಿಯಲಿ. ಇಷ್ಟು ಮಾಡಿದರೆ ಅರ್ಧ ಗುಳ್ಳೆಗಳು ಹುಟ್ಟುವುದೇ ಇಲ್ಲ.

ಇಷ್ಟಾದರೂ ಮೂಲೆಗಳಲ್ಲಿ ಗಾಳಿ ಉಳಿದಿದೆಯೇ? ಹೊರದಾರಿಯನ್ನು ಮುಚ್ಚಿ, ಒಳದಾರಿಯಿಂದ ಮೆಲ್ಲಗೆ ಒತ್ತಿ ಹಿಡಿದುಕೊಳ್ಳಿ. ಪಿಡಿಎಂಎಸ್ ಗಾಳಿಯನ್ನು ತನ್ನ ಮೂಲಕ ಬಿಟ್ಟುಕೊಡುತ್ತದೆ, ಕೆಲವು ನಿಮಿಷಗಳಲ್ಲಿ ಗುಳ್ಳೆ ಕುಗ್ಗಿ ಮಾಯವಾಗುವುದನ್ನು ಮೈಕ್ರೋಸ್ಕೋಪಿನಲ್ಲೇ ನೋಡಬಹುದು. ಮದರ್ ಮಷೀನಿನ ಮುಚ್ಚಿದ ಗಲ್ಲಿಗಳೂ ತುಂಬುವುದು ಹೀಗೆಯೇ. ಪ್ಲಾಸ್ಮಾ ಆದ ಕೆಲವು ಗಂಟೆಗಳಲ್ಲೇ ತುಂಬಿದರೆ ಇನ್ನೂ ಸುಲಭ, ಆಗ ಗೋಡೆಗಳು ನೀರನ್ನು ತಾವೇ ಎಳೆದುಕೊಳ್ಳುತ್ತವೆ.

ರಬ್ಬರಿನ ಇದೇ ಗುಣಕ್ಕೆ ಇನ್ನೊಂದು ಮುಖವಿದೆ. ಅದು ನೀರಾವಿಯನ್ನೂ ಬಿಡುತ್ತದೆ. ಹರಿವು ನಿಲ್ಲಿಸಿ ಚಿಪ್ ಅನ್ನು ಬೆಚ್ಚಗೆ ಬಿಟ್ಟರೆ ಒಳಗಿನ ದ್ರವ ಸಾಂದ್ರವಾಗುತ್ತಾ ಹೋಗುತ್ತದೆ, ಜೀವಿಗಳು ಉಪ್ಪು ಹೆಚ್ಚಾಗಿ ಕುಗ್ಗುತ್ತವೆ. ಸುತ್ತ ಒದ್ದೆ ಕಾಗದ ಇಟ್ಟು ಮುಚ್ಚಿಡಿ.

ಗೋಡೆಗೆ ಕೋಶಗಳು ಅಂಟದಂತೆ ಬಿಎಸ್‌ಎ ಪ್ರೋಟೀನ್ ದ್ರಾವಣ, ಮಿಲಿಲೀಟರಿಗೆ 1ರಿಂದ 10 ಮಿಲಿಗ್ರಾಂ, ಒಂದು ಗಂಟೆ ತುಂಬಿಡಿ. ಯೀಸ್ಟ್ ಗಾಜಿಗೆ ಅಂಟಿಕೊಳ್ಳಲಿ ಅಂತಿದ್ದರೆ ಬಿಎಸ್‌ಎ ಬಿಟ್ಟು ಕಾನ್‌ಕನಾವಲಿನ್ ಎ ಎಂಬ ಅಂಟುವ ಪ್ರೋಟೀನ್ ಬಳಸಿ.

7. ಜೀವಿಗಳನ್ನು ಒಳಗೆ ಕಳಿಸುವುದು

ಬ್ಯಾಕ್ಟೀರಿಯಾಗಳನ್ನು ಬೆಳವಣಿಗೆ ನಿಂತ ಹಂತದವರೆಗೆ ಬೆಳೆಸಿ. ಆಗ ಅವು ಚಿಕ್ಕದಾಗಿರುತ್ತವೆ, ಗಲ್ಲಿಗೆ ಸಲೀಸಾಗಿ ನುಗ್ಗುತ್ತವೆ. ಸೆಂಟ್ರಿಫ್ಯೂಜ್ ಮಾಡಿ ದಟ್ಟವಾಗಿಸಿ ತುಂಬಿ. ನುಗ್ಗದಿದ್ದರೆ ಚಿಪ್ ಅನ್ನೇ ಗಲ್ಲಿಯ ಮುಚ್ಚಿದ ತುದಿ ಹೊರಮುಖವಾಗುವಂತೆ ಸೆಂಟ್ರಿಫ್ಯೂಜಿನಲ್ಲಿಟ್ಟು ನಿಧಾನ ತಿರುಗಿಸಿ. ಗಾಜಿಗೆ ಆಧಾರ ಕೊಡಿ, ಇಲ್ಲದಿದ್ದರೆ ಚೂರಾಗುತ್ತದೆ. ಯೀಸ್ಟನ್ನು ಮಾತ್ರ ದಟ್ಟ ಮಾಡಬೇಡಿ. ಒಂದು ಬಲೆಗೆ ಒಂದೆರಡು ಸಾಕು, ಉಳಿದದ್ದನ್ನು ಅವೇ ತುಂಬುತ್ತವೆ. ಗಂಟು ಗಂಟಾಗಿದ್ದರೆ ಮೊದಲು ಸೋನಿಕೇಟರಿನಲ್ಲಿ (ಶಬ್ದತರಂಗದ ಯಂತ್ರ) ಮೆಲ್ಲಗೆ ಬಿಡಿಸಿ.

8. ಹರಿವು

ಇಲ್ಲಿ ಕಾಗದ ಪೆನ್ನು ಹಿಡಿಯಿರಿ. ಕಾಲುವೆ 100 ಮೈಕ್ರಾನ್ ಅಗಲ, 25 ಮೈಕ್ರಾನ್ ಎತ್ತರ ಅಂದುಕೊಳ್ಳಿ. ನಿಮಿಷಕ್ಕೆ 1 ಮೈಕ್ರೋಲೀಟರ್ ಹರಿಸಿದರೆ, ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಒಳಗಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 6.7 ಮಿಲಿಮೀಟರ್. 2 ಮೈಕ್ರಾನ್ ಉದ್ದದ ಬ್ಯಾಕ್ಟೀರಿಯಾಗೆ ಇದು ತನ್ನ ಮೈಯ ಮೂರು ಸಾವಿರ ಪಟ್ಟು. ಹಾಗಾಗಿ ಕಮ್ಮಿಯಿಂದ ಶುರು ಮಾಡಿ. ಮರಿಗಳು ಕೊಚ್ಚಿಹೋಗುವಷ್ಟು ಏರಿಸಿ, ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ಲೆಕ್ಕ, ಇದನ್ನು ಮಾಡದೆ ಮೋಸಹೋಗುವವರೇ ಜಾಸ್ತಿ. ಒಳಗಿನ ಅಳತೆ ಅರ್ಧ ಮಿಲಿಮೀಟರ್ ಇರುವ ಕೊಳವೆ ಪ್ರತಿ ಸೆಂಟಿಮೀಟರಿಗೆ ಸುಮಾರು 2 ಮೈಕ್ರೋಲೀಟರ್ ಹಿಡಿಯುತ್ತದೆ. 50 ಸೆಂಟಿಮೀಟರ್ ಕೊಳವೆಯಲ್ಲಿ 100 ಮೈಕ್ರೋಲೀಟರ್. ನಿಮಿಷಕ್ಕೆ 1 ಮೈಕ್ರೋಲೀಟರ್ ಹರಿವಿನಲ್ಲಿ ನೀವು ಸಿರಿಂಜ್ ಬದಲಿಸಿ ಆಂಟಿಬಯೋಟಿಕ್ ಹಾಕಿದರೆ ಅದು ಕೋಶಗಳನ್ನು ಮುಟ್ಟುವುದು 100 ನಿಮಿಷದ ಮೇಲೆ. ಗ್ರಾಫಿನಲ್ಲಿ "ಔಷಧಿಗೆ ತಡವಾಗಿ ಸ್ಪಂದನೆ" ಅಂತ ಕಾಣುವುದು ಎಷ್ಟೋ ಸಲ ಕೊಳವೆಯ ಉದ್ದ ಅಷ್ಟೇ. ಹೊಸ ದ್ರವಕ್ಕೆ ಸ್ವಲ್ಪ ಫ್ಲೋರೊಸೆಂಟ್ (ಬೆಳಕು ಬಿದ್ದರೆ ಹೊಳೆಯುವ) ಬಣ್ಣ ಸೇರಿಸಿ, ಬಣ್ಣ ಚಿತ್ರದಲ್ಲಿ ಕಂಡ ಗಳಿಗೆಯನ್ನೇ ಸೊನ್ನೆ ಅಂತ ಹಿಡಿಯಿರಿ.

ಔಷಧಿಯ ವಿಷಯದಲ್ಲೇ ಇನ್ನೊಂದು ಎಚ್ಚರ: ನೀರಿಗೆ ಒಗ್ಗದ, ಎಣ್ಣೆಗೆ ಒಗ್ಗುವ ಸಣ್ಣ ಅಣುಗಳನ್ನು ಪಿಡಿಎಂಎಸ್ ಹೀರಿಕೊಳ್ಳುತ್ತದೆ. ಬಾಟಲಿಯ ಮೇಲೆ ಬರೆದ ಪ್ರಮಾಣ ಕೋಶಕ್ಕೆ ಸಿಕ್ಕಿದೆ ಅಂತ ಹೇಳಲಾಗದು.

ಪಂಪ್ ಇಲ್ಲದವರು ಬಾಟಲಿಯನ್ನು ಎತ್ತರದಲ್ಲಿಡಿ. 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 1 ಕಿಲೋಪ್ಯಾಸ್ಕಲ್ ಒತ್ತಡ ಸಿಗುತ್ತದೆ. ಸಿರಿಂಜ್ ಪಂಪಿನಂತೆ ಹೆಜ್ಜೆ ಹೆಜ್ಜೆಗೆ ಜಗ್ಗುವುದಿಲ್ಲ, ಆದರೆ ಬಾಟಲಿ ಖಾಲಿಯಾದಂತೆ ಹರಿವು ಇಳಿಯುತ್ತದೆ. ಪಂಪ್ ಇದ್ದರೆ ಸಣ್ಣ ಸಿರಿಂಜ್ ಹಾಕಿ, ಜಗ್ಗುವುದು ಕಮ್ಮಿಯಾಗುತ್ತದೆ.

9. ಚಿತ್ರ

ಚಿಪ್, ಮಸೂರ, ಸ್ಟೇಜ್ (ಚಿಪ್ ಇಡುವ ಕಟ್ಟೆ) ಎಲ್ಲವೂ ಒಂದೇ ತಾಪಮಾನಕ್ಕೆ ಬರಲು ಒಂದೆರಡು ಗಂಟೆ ಬಿಡಿ. ಆತುರಪಟ್ಟರೆ ಫೋಕಸ್ ಜಾರುತ್ತಲೇ ಇರುತ್ತದೆ. 100 ಪಟ್ಟು ಎಣ್ಣೆ ಮಸೂರದಲ್ಲಿ ಫೋಕಸ್ ನಿಲ್ಲುವ ಆಳ ಒಂದು ಮೈಕ್ರಾನ್ ಕೂಡ ಇಲ್ಲ. ಕೊಳವೆಗಳನ್ನು ಸ್ಟೇಜಿಗೆ ಟೇಪ್ ಹಾಕಿ ಕಟ್ಟಿ, ಇಲ್ಲದಿದ್ದರೆ ಸ್ಟೇಜ್ ಪ್ರತಿ ಸಲ ಸರಿದಾಗಲೂ ಅವು ಚಿಪ್ ಅನ್ನು ಎಳೆಯುತ್ತವೆ.

ಎಷ್ಟು ನಿಮಿಷಕ್ಕೊಂದು ಚಿತ್ರ? 20 ನಿಮಿಷಕ್ಕೆ ಇಮ್ಮಡಿಯಾಗುವ ಇ. ಕೋಲಿಗೆ 2 ನಿಮಿಷ, ಒಂದೂವರೆ ಗಂಟೆ ತೆಗೆದುಕೊಳ್ಳುವ ಯೀಸ್ಟ್‌ಗೆ 5ರಿಂದ 10 ನಿಮಿಷ. ಈಜಾಟ ನೋಡುವವರಿಗೆ ಸೆಕೆಂಡಿಗೆ ನೂರಾರು ಚಿತ್ರ ಬೇಕಾಗಬಹುದು. ನೀಲಿ ಬೆಳಕು ಕೋಶಗಳಿಗೆ ವಿಷ, ಕಮ್ಮಿ ಬಳಸಿ. ಕ್ಲಾಮಿಡೊಮೊನಾಸ್‌ಗೆ ಬೆಳಕೇ ಸಂದೇಶ: ನೀಲಿ ಹಸಿರು ಬೆಳಕು ಬಿದ್ದರೆ ಈಜುವ ದಿಕ್ಕೇ ಬದಲಿಸುತ್ತದೆ, ಅದಕ್ಕೇ ಸಾಮಾನ್ಯ ನೋಟಕ್ಕೆ ಕೆಂಪು ಬೆಳಕಿನ ಫಿಲ್ಟರ್ ಹಾಕುತ್ತಾರೆ.

ಡಿಸ್ಕಿನ ಜಾಗವನ್ನೂ ಮೊದಲೇ ನೋಡಿಕೊಳ್ಳಿ. 2048 x 2048 ಅಳತೆಯ 16 ಬಿಟ್ ಚಿತ್ರ ಒಂದಕ್ಕೆ ಸುಮಾರು 8.4 ಎಂಬಿ. 50 ಜಾಗ, ಎರಡು ಬಣ್ಣ, 5 ನಿಮಿಷಕ್ಕೊಮ್ಮೆ, 24 ಗಂಟೆ: 28,800 ಚಿತ್ರ, ಹತ್ತಿರ ಹತ್ತಿರ 240 ಜಿಬಿ. ನಡುರಾತ್ರಿ ಡಿಸ್ಕ್ ತುಂಬಿ ನಿಲ್ಲುವುದು ಗುಳ್ಳೆಯಷ್ಟೇ ಸಾಮಾನ್ಯ ಸಾವು.

10. ಜೀವಿಗಳು ಚೆನ್ನಾಗಿವೆಯೇ?

ಒಂದನೇ ಹಂತದಲ್ಲಿ ಬರೆದಿಟ್ಟ ಇಮ್ಮಡಿಯಾಗುವ ಸಮಯ ತೆಗೆಯಿರಿ. ಚಿಪ್‌ನೊಳಗಿನ ಸಮಯದ ಜೊತೆ ಹೋಲಿಸಿ. ಮೊದಲ ಒಂದೆರಡು ಗಂಟೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಎರಡೂ ಒಂದೇ ಇರಬೇಕು. ಚಿಪ್‌ನಲ್ಲಿ ನಿಧಾನವಾಗಿದ್ದರೆ ಹುಡುಕುವ ಕ್ರಮ ಹೀಗೆ: ಫ್ಲೋರೊಸೆನ್ಸ್ ಬೆಳಕು ಬೀಳದ ಕೆಲವು ಜಾಗಗಳನ್ನು ಮೊದಲೇ ಆರಿಸಿಟ್ಟುಕೊಂಡಿರಬೇಕು, ಅಲ್ಲಿ ಬೆಳವಣಿಗೆ ಸರಿಯಿದ್ದರೆ ಬೆಳಕಿನದೇ ತಪ್ಪು. ಅಲ್ಲೂ ನಿಧಾನವಾದರೆ ತಾಪಮಾನ ನೋಡಿ, ಎಣ್ಣೆ ಮಸೂರ ಚಿಪ್‌ನ ಶಾಖ ಎಳೆದುಕೊಳ್ಳುತ್ತದೆ. ಅದೂ ಸರಿಯಿದ್ದರೆ ಕಾಲುವೆ ತೀರಾ ಇಕ್ಕಟ್ಟು, ಇಲ್ಲವೇ ರಬ್ಬರ್ ಸರಿಯಾಗಿ ಬೆಂದಿಲ್ಲ. ಈ ಹೋಲಿಕೆ ಇಲ್ಲದ ವಿಡಿಯೋ ಎಷ್ಟೇ ಚಂದ ಇರಲಿ, ನಾನಂತೂ ಅದರಿಂದ ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಕೋಶಗಳನ್ನು ಎಣಿಸಿ ಗುರುತು ಹಚ್ಚಲು ಫಿಜಿ, ಸೆಲ್‌ಪೋಸ್, ಮದರ್ ಮಷೀನಿಗಾದರೆ ಡೆಲ್ಟಾ ಅಥವಾ ಬ್ಯಾಕ್‌ಮನ್, ಎಲ್ಲವೂ ಉಚಿತ ಸಾಫ್ಟ್‌ವೇರ್. ಮೊದಲ ನೂರು ಚಿತ್ರಗಳ ಗುರುತನ್ನಾದರೂ ಕಣ್ಣಿನಿಂದ ಪರೀಕ್ಷಿಸಿ.

11. ಮುಗಿದ ಮೇಲೆ

ಹೊರಬಂದ ದ್ರವದ ಬಾಟಲಿಗೆ ಬ್ಲೀಚ್ ಹಾಕಿಟ್ಟಿರಿ. ಬಳಸಿದ ಚಿಪ್ ಮತ್ತೆ ಬಳಸುವ ಆಸೆ ಬೇಡ, ಗಲ್ಲಿಗಳೊಳಗಿನ ಸತ್ತ ಕೋಶಗಳು ಪೂರ್ತಿ ಹೊರಬರುವುದಿಲ್ಲ. ಅಚ್ಚನ್ನು ಮಾತ್ರ ಜೋಪಾನ ಮಾಡಿ. ಕೊನೆಯ ಎರಕವನ್ನು ಕೀಳದೆ ಅದರ ಮೇಲೇ ಬಿಟ್ಟರೆ ಧೂಳು ಕೂರುವುದಿಲ್ಲ. ಸಿಲಿಕಾನ್ ಕೈಜಾರಿದರೆ ಕಥೆ ಮುಗಿಯಿತು, ಹಾಗಾಗಿ ಬಿಡುವಿದ್ದಾಗ ಒಂದು ಎಪಾಕ್ಸಿ ನಕಲು ಎರೆದಿಟ್ಟುಕೊಂಡು ದಿನದ ಬಳಕೆಗೆ ಅದನ್ನೇ ಇಟ್ಟುಕೊಳ್ಳಿ.